ಐದು ವ್ಯಾಟಿನ ಸೆಟ್ಟು, ಸುಟ್ಟ ಮೂರು ಫೈನಲ್, ಪಕ್ಕದ ಮನೆಯ ಜೀನ್ಸ್ ಮಷೀನು

ನಮ್ಮ ಓಣಿಯಲ್ಲಿ ಕರೆಂಟ್ ಹೋದರೆ ಎಲ್ಲರೂ ಬೈಯುತ್ತಾರೆ. ನಾನೊಬ್ಬ ಮಾತ್ರ ಮಹಡಿಗೆ, ನನ್ನ ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೋ) ಹತ್ತಿರ ಓಡುತ್ತೇನೆ. ಬಳ್ಳಾರಿಯ ಕೌಲ್ ಬಜಾರ್ ಕಡೆ ಇದ್ದವರಿಗೆ ಕಾರಣ ಹೇಳಬೇಕಿಲ್ಲ. ಸುತ್ತಮುತ್ತ ಜೀನ್ಸ್ ಹೊಲಿಯುವ ಮನೆಗಳೇ. ಹಳೇ ಕ್ಲಚ್ ಮೋಟರ್ ತೆಗೆದು ಸರ್ವೋ ಮೋಟರ್ ಹಾಕಿಸಿಕೊಂಡ ಮೇಲೆ ಅವರ ಕರೆಂಟ್ ಬಿಲ್ ಇಳಿಯಿತು, ಆ ಮೋಟರುಗಳ ರೇಡಿಯೋ ಗದ್ದಲದಲ್ಲಿ ನನ್ನ 40 ಮೀಟರ್ ಬ್ಯಾಂಡ್ (ಸುಮಾರು 40 ಮೀಟರ್ ಉದ್ದದ ರೇಡಿಯೋ ಅಲೆಗಳ ಪಟ್ಟಿ) ಮುಳುಗಿತು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ಎಸ್9 ಗದ್ದಲ (ಎಸ್ ಅಂದರೆ ಸೆಟ್ಟಿನ ಮೀಟರ್ ತೋರಿಸುವ ಬಲದ ಅಂಕಿ, ದೊಡ್ಡದಾದಷ್ಟೂ ಜೋರು). ಕರೆಂಟ್ ಹೋದ ಕೂಡಲೇ ಎಸ್2, ಎಸ್3.

ಇಂಥ ಜಾಗದಲ್ಲಿ ಕೂತು ಐದು ವ್ಯಾಟಿನ ಸೆಟ್ ತರಿಸುತ್ತೇನೆ ಅಂದಾಗ ಹೊಸಪೇಟೆಯ ನಮ್ಮ ಹಿರಿಯ ಓಎಂ (ಹ್ಯಾಮ್ ಗೆಳೆಯರನ್ನು ಹೀಗೆ ಕರೆಯುತ್ತೇವೆ) ನಕ್ಕರು. "ನೂರು ವ್ಯಾಟ್ ಹಾಕಿದ್ರೇ ಜನಕ್ಕೆ ಕೇಳಲ್ಲ. ಆ ಆಟಿಗೆ ಸಾಮಾನು ತಗೊಂಡು ಏನ್ ಮಾಡ್ತೀಯಪ್ಪಾ?" ಅಂದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಇನ್ನರ್ಧ ತಪ್ಪು ಅಂತ ತೋರಿಸೋಕೆ ನನಗೆ ಹತ್ತಿರ ಹತ್ತಿರ ಎಂಟು ತಿಂಗಳು ಹಿಡಿಯಿತು.

ಸೆಟ್ ಯಾವುದು ಅಂದರೆ ಟ್ರೂ-ಯುಎಸ್‌ಡಿಎಕ್ಸ್. ಡಿಎಲ್2ಎಂಎಎನ್ ಮತ್ತು ಪಿಇ1ಎನ್ಎನ್‌ಝಡ್ ಎಂಬ ಕಾಲ್‌ಸೈನಿನ ಇಬ್ಬರು ಹ್ಯಾಮ್‌ಗಳು ಸೇರಿ ಮಾಡಿದ ಡಿಸೈನು. 80ರಿಂದ 20 ಮೀಟರ್ ತನಕ ಐದು ಬ್ಯಾಂಡ್, ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಒಳಗೆ ನಾವು ಆರ್ಡುಯಿನೋದಲ್ಲಿ (ಹವ್ಯಾಸಿಗಳ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಎಲ್‌ಇಡಿ ಮಿಣುಕಿಸೋಕೆ ಬಳಸುವ ಅದೇ ಎಟಿಮೆಗಾ328 ಚಿಪ್ಪು. ಎರಡು ಕೆಬಿ ರಾಮ್ ಇರುವ ಚಿಪ್ಪಿನಲ್ಲಿ ಎಸ್‌ಎಸ್‌ಬಿ (ಹ್ಯಾಮ್‌ಗಳು ಮಾತು ಕಳಿಸುವ ವಿಧಾನ) ಎತ್ತಿ ಇಳಿಸುತ್ತಾರಲ್ಲ, ಆ ಹುಚ್ಚಿಗೇ ನಾನು ದುಡ್ಡು ಕೊಟ್ಟಿದ್ದು. ಕಿಟ್ಟಿಗೆ ಒಂಬತ್ತೂವರೆ ಸಾವಿರ. ತೆರಿಗೆ, ಕೊರಿಯರ್ ಅಂತ ಮೇಲೆ 1,800 ಕೈಬಿಟ್ಟಿತು. ಲೈಸೆನ್ಸ್ ಪ್ರತಿ, ಪತ್ರ ಎಲ್ಲ ಮೊದಲೇ ಜೋಡಿಸಿಟ್ಟಿದ್ದರಿಂದ ಪಾರ್ಸೆಲ್ ವಾಪಸ್ ಹೋಗಲಿಲ್ಲ, ಅಷ್ಟೇ ಸಮಾಧಾನ.

ಬೆಸುಗೆ ಹಾಕೋದು ಒಂದು ಭಾನುವಾರದ ಕೆಲಸ. ಕಷ್ಟ ಇರೋದು ಟೊರಾಯ್ಡಿನಲ್ಲಿ, ಅಂದರೆ ಬಳೆಯಂಥ ಕೋರಿಗೆ ತಂತಿ ಸುತ್ತುವ ಕಾಯಿಲಿನಲ್ಲಿ. ಸ್ವಿಚ್ಚಿನಂತೆ ಕೆಲಸ ಮಾಡುವ ಕ್ಲಾಸ್-ಇ ಆಂಪ್ಲಿಫೈಯರ್ ಆದ್ದರಿಂದ ಕಾಯಿಲ್ ಸ್ವಲ್ಪ ಆಚೀಚೆ ಆದರೂ ಪವರ್ ಬೀಳುತ್ತದೆ, ಫೈನಲ್ (ಸಿಗ್ನಲ್ಲನ್ನು ಕೊನೆಗೆ ಹೊರಗೆ ತಳ್ಳುವ ಟ್ರಾನ್ಸಿಸ್ಟರ್) ಬಿಸಿಯಾಗುತ್ತದೆ. ಮೊದಲ ಸಲ 40 ಮೀಟರಿನಲ್ಲಿ ಬಂದದ್ದು ಮೂರು ವ್ಯಾಟ್ ಚಿಲ್ಲರೆ. ಸುತ್ತು ಎಣಿಸಿದೆ, ಸರಿಯಾಗೇ ಇದೆ. ಬಿಚ್ಚಿ ಮತ್ತೆ ಸುತ್ತಿದೆ, ಅಷ್ಟೇ ಬಂತು. ಆಮೇಲೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ, ಹಲ್ಲುಕಡ್ಡಿಯಿಂದ ಸುತ್ತುಗಳನ್ನ ಒಂದೊಂದೇ ಹತ್ತಿರ ದೂಡುತ್ತಾ ಹೋದೆ. ಎಳೆ ಎಳೆಯಾಗಿ ಕೂತಿದ್ದ ತಂತಿ ಒಂದು ಕಡೆ ಒತ್ತಾದಂತೆ 3.8 ಆಯಿತು, 4.3 ಆಯಿತು, 4.8ಕ್ಕೆ ನಿಂತಿತು. ಇನ್ನೊಂದು ಕೂದಲೆಳೆ ದೂಡಿದರೆ ಮತ್ತೆ ಇಳಿಮುಖ. ಅಲ್ಲೇ ಉಗುರುಬಣ್ಣ ಹಚ್ಚಿ ಬಿಟ್ಟೆ. ಮಗಳ ಬಾಟಲಿ, ಗುಲಾಬಿ ಬಣ್ಣ. ಡಬ್ಬಿ ತೆರೆದು ನೋಡಿದವರೆಲ್ಲ ಕೇಳುತ್ತಾರೆ.

ಇನ್ನು ಸುಟ್ಟ ಕಥೆ. ಮೂರು ಫೈನಲ್ ಕಳೆದುಕೊಂಡೆ. ಮೂರರಲ್ಲೂ ಸೆಟ್ಟಿನ ತಪ್ಪು ಇಲ್ಲ.

ಒಂದನೆಯದು ಬ್ಯಾಟರಿಯಿಂದ. ನಾಲ್ಕು ಸೆಲ್ಲಿನ ಲಿಥಿಯಂ ಫಾಸ್ಫೇಟ್ ಪ್ಯಾಕ್ ನಂದು. ಚಾರ್ಜರ್ ಹಚ್ಚಿದ್ದಾಗ ಅದು 14.4 ವೋಲ್ಟಿಗೆ ಏರುತ್ತದೆ. ಫೈನಲ್ಲಿಗೆ ಅದು ಜಾಸ್ತಿ, ಗೊತ್ತಿರುವ ವಿಷಯವೇ. ಆದರೂ ಒಂದು ಸಂಜೆ ಚಾರ್ಜರ್ ತೆಗೆಯದೇ ಸಿಕ್ಯೂ (ಯಾರಾದರೂ ಇದ್ದೀರಾ ಅನ್ನುವ ಕರೆ) ಒತ್ತಿದೆ. ಅರ್ಧ ನಿಮಿಷ ಚೆನ್ನಾಗಿ ಹೋಯಿತು. ಆಮೇಲೆ ವಾಸನೆ ಬಂತು. ಈಗ ವೋಲ್ಟೇಜ್ ಇಳಿಸೋಕೆ ಸಪ್ಲೈ ತಂತಿಯಲ್ಲಿ ಎರಡು ಡಯೋಡ್ ಸರಣಿಯಲ್ಲಿ ಕೂರಿಸಿದ್ದೇನೆ, ಎರಡಕ್ಕೂ ಸೇರಿ ಹತ್ತು ರೂಪಾಯಿ. ಪವರ್ ನಾಲ್ಕರ ಆಸುಪಾಸಿಗೆ ಇಳಿಯಿತು, ನಿದ್ದೆ ಚೆನ್ನಾಗಿ ಬರುತ್ತದೆ. ಅಳತೆ ಮಾಡುವಾಗ ಮಾತ್ರ ಡಯೋಡ್ ದಾಟಿಸಿ ಬೆಂಚ್ ಸಪ್ಲೈ ಹಚ್ಚುತ್ತೇನೆ.

ಎರಡನೆಯದು ಸೋಮಾರಿತನ. 40ರ ಡೈಪೋಲ್ ಆಂಟೆನಾ ಹಚ್ಚಿಕೊಂಡೇ 20 ಮೀಟರಿಗೆ ತಿರುಗಿಸಿ ಪಿಟಿಟಿ (ಮಾತು ಕಳಿಸುವ ಗುಂಡಿ) ಒತ್ತಿದೆ, ಆಂಟೆನಾ ಹೊಂದಲಿಲ್ಲ, ಫೈನಲ್ ಸುಟ್ಟಿತು. ಮೂರನೆಯದು ಮಂಗ. ನಿಜವಾಗಿ. ಇನ್ವರ್ಟೆಡ್ ವೀ ಆಂಟೆನಾದ ಒಂದು ಕಾಲು ನೀರಿನ ಟ್ಯಾಂಕಿನಿಂದ ಹಿಂದಿನ ಮನೆಯ ಮೂಲೆಗೆ ಹೋಗುತ್ತದೆ. ಎಫ್‌ಟಿ8ನಲ್ಲಿ (ಕಂಪ್ಯೂಟರ್ ಮೂಲಕ ಕಿರು ಸಂದೇಶ ಕಳಿಸುವ ವಿಧಾನ) ಟ್ರಾನ್ಸ್‌ಮಿಟ್ ಆಗುತ್ತಿರುವಾಗ ಒಂದು ಗಡವ ಅದನ್ನು ಹಿಡಿದು ಜೋತಾಡಿತು. ತಂತಿ ಕಿತ್ತು ಬಂತು, ಫೈನಲ್ ಹೋಯಿತು, ಮಂಗ ಆರಾಮಾಗಿ ಹೋಯಿತು. ಆ ಫೈನಲ್ ಅನ್ನೋದು ತಲಾ ಇನ್ನೂರು ರೂಪಾಯಿಯ ಮಾಸ್‌ಫೆಟ್, ಆದರೆ ಅಂಚೆ ಬರೋಕೆ ಹತ್ತು ದಿನ. ಈಗ ಐದೈದು ತರಿಸಿ ಇಟ್ಟುಕೊಳ್ಳುತ್ತೇನೆ.

ಸರಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ಸೆಟ್ ಚೆನ್ನಾಗಿದೆ ಅಂತ ನಾನು ಹೇಳಿದರೆ ಯಾರು ನಂಬುತ್ತಾರೆ? ನಂಬಲಿಲ್ಲ. "ಲ್ಯಾಬ್ ಇಲ್ಲ, ಸಿಗ್ನಲ್ ಜನರೇಟರ್ ಇಲ್ಲ, ನ್ಯಾನೋವಿಎನ್ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಒಂದು ಇಟ್ಕೊಂಡು ರಿವ್ಯೂ ಮಾಡ್ತಾನಂತೆ" ಅಂತ ನೆಟ್ಟಿನಲ್ಲೇ (ಹ್ಯಾಮ್‌ಗಳು ಏರ್ ಮೇಲೆ ಸೇರುವ ಕೂಟ) ಕಾಲೆಳೆದರು. ಉಪಕರಣ ನನ್ನ ಹತ್ತಿರ ಇಲ್ಲ ನಿಜ. ಆದರೆ ಜಗತ್ತಿನ ತುಂಬ ಎಫ್‌ಟಿ8 ಕೇಳುವವರು ಇದ್ದಾರೆ, ಕೇಳಿದ್ದನ್ನು ಪಿಎಸ್‌ಕೆ ರಿಪೋರ್ಟರ್ ಅನ್ನುವ ವೆಬ್‌ಸೈಟಿಗೆ ಡಿಬಿ (ಸಿಗ್ನಲ್ ಬಲದ ಅಳತೆ) ಸಮೇತ ಹಾಕುತ್ತಾರೆ. ಅದೇ ನನ್ನ ಮೀಟರ್ ಅಂದುಕೊಂಡೆ.

ಮೊದಲು ಮೀಟರನ್ನೇ ಪರೀಕ್ಷೆ ಮಾಡಬೇಕಲ್ವಾ? ನನ್ನ ಹಳೇ ಸೆಟ್ಟು ನೂರು ವ್ಯಾಟಿಂದು. ಅದನ್ನ ಹತ್ತು ನಿಮಿಷ ನೂರರಲ್ಲಿ, ಹತ್ತು ನಿಮಿಷ ಐದರಲ್ಲಿ, ಹೀಗೆ ಎರಡು ತಾಸು ಓಡಿಸಿದೆ. ಅದೇ ಆಂಟೆನಾ, ಅದೇ ಕೇಬಲ್. ನೂರಕ್ಕೂ ಐದಕ್ಕೂ ಲೆಕ್ಕದ ಪ್ರಕಾರ 13 ಡಿಬಿ ಬರಬೇಕು. ಎರಡೂ ಕಡೆ ಕೇಳಿಸಿಕೊಂಡ ಸ್ಟೇಷನ್ನುಗಳನ್ನು ಮಾತ್ರ ಹಿಡಿದು ಸರಾಸರಿ ತೆಗೆದರೆ ಹನ್ನೆರಡರಿಂದ ಹದಿಮೂರರ ನಡುವೆ ಬಂತು. ಅವತ್ತು ರಾತ್ರಿ ಒಬ್ಬನೇ ಮಹಡಿಯ ಮೇಲೆ ನಕ್ಕಿದ್ದೆ. ಮೀಟರ್ ಸುಳ್ಳು ಹೇಳುತ್ತಿಲ್ಲ.

ಆಮೇಲೆ ಹಳೇ ಸೆಟ್ಟನ್ನ ಐದಕ್ಕೆ ಇಳಿಸಿ, ಕೋಯಾಕ್ಸ್ ಸ್ವಿಚ್ (ಆಂಟೆನಾ ಕೇಬಲ್ಲನ್ನು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ತಿರುಗಿಸುವುದು) ಹಾಕಿ, ಅದಕ್ಕೂ ಪುಟ್ಟ ಸೆಟ್ಟಿಗೂ ಸರದಿ. ಮೂರು ರಾತ್ರಿ, 20 ಮೀಟರಿನಲ್ಲಿ. ಜಪಾನ್, ಇಂಡೋನೇಷ್ಯಾ, ರಷ್ಯಾ, ಇಟಲಿ ಕಡೆಯಿಂದ ಅರವತ್ತೋ ಎಪ್ಪತ್ತೋ ಜೋಡಿ ವರದಿ ಸಿಕ್ಕಿದವು. ವ್ಯತ್ಯಾಸ ಸುಮಾರು ಒಂದು ಡಿಬಿ. ಎಪ್ಪತ್ತೈದು ಸಾವಿರದ ಸೆಟ್ಟಿನ ಐದು ವ್ಯಾಟಿಗೂ ಒಂಬತ್ತೂವರೆ ಸಾವಿರದ ಕಿಟ್ಟಿನ ಐದು ವ್ಯಾಟಿಗೂ ಅಷ್ಟೇ ಅಂತರ. ಎಫ್‌ಟಿ8 ಒಂದೇ ಮಟ್ಟದ ಸ್ವರ, ಕ್ಲಾಸ್-ಇಗೆ ಹೇಳಿ ಮಾಡಿಸಿದ್ದು, ಅದಕ್ಕೇ ಹೀಗೆ ಅಂತ ನೀವು ಹೇಳಬಹುದು. ಒಪ್ಪುತ್ತೇನೆ.

ಕೇಳುವ ಕಡೆ ಮಾತ್ರ ಕಥೆ ಬೇರೆ, ಅದನ್ನೂ ಮುಚ್ಚಿಡಲ್ಲ. ಹಳೇ ಪವರ್ ಸಪ್ಲೈ ಒಂದರಿಂದ ಕಿತ್ತ ಕೋರ್ ಮೇಲೆ ಒಂದು ಸ್ಪ್ಲಿಟರ್ ಸುತ್ತಿದೆ. ಎರಡೂ ಸೆಟ್ಟಿಗೆ ಒಂದೇ ಆಂಟೆನಾ, ಎರಡು ಲ್ಯಾಪ್‌ಟಾಪ್, ಒಂದೇ ಹೊತ್ತಿಗೆ ಡಿಕೋಡ್. ಪಿಟಿಟಿ ಎರಡರದ್ದೂ ಕಿತ್ತಿಟ್ಟಿದ್ದೆ, ನಾಲ್ಕನೇ ಫೈನಲ್ ಬೇಡ ಅಂತ. ಮಧ್ಯಾಹ್ನ ಹಳೇದು ಒಂದು ಸರದಿಗೆ 22 ಸಂದೇಶ ಹಿಡಿದರೆ ಇದು 17, 18. ಪರವಾಗಿಲ್ಲ. ಸಂಜೆ ಏಳಾದ ಮೇಲೆ 40ರಲ್ಲಿ, ಬ್ಯಾಂಡಿನ ಮೇಲ್ಭಾಗದ ಪ್ರಬಲ ರೇಡಿಯೋ ಪ್ರಸಾರ ಕೇಂದ್ರಗಳು ಎದ್ದು ಕೂತಾಗ ಹಳೇದು 25 ಹಿಡಿಯುತ್ತಿತ್ತು, ಇದು ಆರಕ್ಕೆ ಬಿತ್ತು. ಹತ್ತು ಬಿಟ್ಟಿನ ಎಡಿಸಿ (ಸಿಗ್ನಲ್ಲನ್ನು ಅಂಕಿಗೆ ತಿರುಗಿಸುವ ಭಾಗ) ಪಾಪ ಎಷ್ಟು ತಾನೇ ತಾಳೀತು? ಮೆನುವಿನಲ್ಲಿ ಅಟೆನ್ಯುಯೇಟರ್ (ಒಳಬರುವ ಸಿಗ್ನಲ್ ತಗ್ಗಿಸುವುದು) ಒಂದು ಮೆಟ್ಟಿಲು ಹಾಕಿದೆ, ಹದಿಮೂರು ಹದಿನಾಲ್ಕಕ್ಕೆ ಏರಿತು. ಎರಡನೇ ಮೆಟ್ಟಿಲಿಗೆ ಮತ್ತೆ ಇಳಿಯಿತು. ಸಂಜೆ 40ಕ್ಕೆ ಇದನ್ನೇ ನಂಬಿಕೊಳ್ಳುವವರು ಆಂಟೆನಾಕ್ಕೂ ಸೆಟ್ಟಿಗೂ ನಡುವೆ, ಬೇಕಾದ ಬ್ಯಾಂಡನ್ನಷ್ಟೇ ಒಳಬಿಡುವ ಒಂದು ಒಳ್ಳೆ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಲೇಬೇಕು. ನಾನು ಒಂದು ಕಟ್ಟಿದ್ದೇನೆ. ಅದರ ಕಾಯಿಲ್ ಲೆಕ್ಕ ಕೇಳಿದವರಿಗೆ ಏರ್ ಮೇಲೆ ಹೇಳುತ್ತೇನೆ, ಇಲ್ಲಿ ಬೇಡ.

ಮಾತಿನ ವಿಷಯಕ್ಕೂ ಒಂದು ಮಾತು. ಮೊದಲ ವಾರ ನನ್ನ ಎಸ್‌ಎಸ್‌ಬಿ ಕೇಳಿ ಮಂಗಳೂರಿನ ಒಬ್ಬರು "ಯಾಕೆ, ಡಬ್ಬಿಯೊಳಗೆ ಕೂತು ಮಾತಾಡ್ತಿದ್ದೀರಾ?" ಅಂದರು. ಟಿಎಕ್ಸ್ ಡ್ರೈವ್ (ಕಳಿಸುವ ಸಿಗ್ನಲ್ಲಿನ ಮಟ್ಟ) ಎಂಟಕ್ಕೇ ಏರಿಸಿಟ್ಟರೆ ಹಾಗೇ ಆಗೋದು. ಜಾಸ್ತಿ ಇಟ್ಟರೆ ಜಾಸ್ತಿ ಪವರ್ ಅನ್ನುವ ಆಸೆ ಬಿಡಬೇಕು. ನಾನು ಎಷ್ಟಕ್ಕೆ ಇಟ್ಟಿದ್ದೇನೆ, ಒಳಗಿನ ಮೈಕಿನ ತೂತಿಗೆ ಏನು ಅಂಟಿಸಿದ್ದೇನೆ ಅನ್ನೋದು ನನ್ನ ಗುಟ್ಟು. ಈಗ ಹೈದರಾಬಾದಿನಿಂದ, ಚೆನ್ನೈನಿಂದ ಬೆಳಗಿನ ಹೊತ್ತು 5-7 (ಮಾತು ಪೂರ್ತಿ ಸ್ಪಷ್ಟ, ಬಲ ಎಸ್7) ಸಿಗುತ್ತದೆ. "ಐದೇ ವ್ಯಾಟಾ?" ಅಂತ ಎರಡು ಸಲ ಕೇಳುತ್ತಾರೆ. ಆ ಪ್ರಶ್ನೆ ಕೇಳೋಕೆ ನನಗೆ ಬೇಜಾರಿಲ್ಲ.

ಆದರೆ ಇಷ್ಟೆಲ್ಲ ಆಗಿದ್ದು ಗದ್ದಲ ಇಳಿದ ಮೇಲೆ. ಪಕ್ಕದ ಮನೆಯಲ್ಲಿ ಆರು ಮಷೀನು. ಒಂದು ದಿನ ಪುಟ್ಟ ಸೆಟ್ಟನ್ನೇ ಕೈಯಲ್ಲಿ ಹಿಡಿದು, ಒಂದು ಮೀಟರ್ ತಂತಿ ಸಿಕ್ಕಿಸಿಕೊಂಡು, ಅವರ ಗೋಡೆಗುಂಟ ನಡೆದೆ. ಬಾಗಿಲ ಹತ್ತಿರದ ಎರಡು ಮಷೀನಿನದೇ ಮುಕ್ಕಾಲು ಪಾಲು ಗಲಾಟೆ. ಮಾಲೀಕರು ಹೊರಗೆ ಬಂದರು. "ಏನ್ ಸಾರ್, ನಮ್ ಮಷೀನ್ ಮೇಲೆ ಬಿತ್ತಾ ಕಣ್ಣು?" ಅಂದರು. ಸ್ಪೀಕರ್ ಅವರ ಕಿವಿಗೆ ಹಿಡಿದು, "ಅಣ್ಣಾ, ಆ ಹುಡುಗನಿಗೆ ಒಂದ್ನಿಮಿಷ ಕಾಲು ತೆಗೀ ಅನ್ನಿ" ಅಂದೆ. ಹುಡುಗ ಪೆಡಲ್ ಬಿಟ್ಟ. ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೆ ಪೂರ್ತಿ ನಿಂತಿತು. ಅಂದರೆ ಮೋಟರ್ ತಿರುಗದಿದ್ದರೂ ಕಂಟ್ರೋಲ್ ಬಾಕ್ಸ್ ಕೂಗುತ್ತಲೇ ಇರುತ್ತದೆ. ಅವರಿಗೂ ಸೋಜಿಗ ಆಯಿತು.

ಹಳೇ ಮಾನಿಟರ್ ಕೇಬಲ್ಲಿನ ಫೆರೈಟ್ (ತಂತಿಯ ಗದ್ದಲ ನುಂಗುವ ಕೋರ್) ಸಾಕಾಗಲಿಲ್ಲ. ದೊಡ್ಡ ರಿಂಗ್ ಕೋರ್ ಆರು ತರಿಸಿದೆ, 900 ರೂಪಾಯಿ. ಮೇನ್ಸ್ ತಂತಿಯನ್ನೂ ಮೋಟರಿಗೆ ಹೋಗುವ ತಂತಿಯನ್ನೂ ಅದರೊಳಗೆ ಸುತ್ತಿದೆ. ಎಷ್ಟು ಸುತ್ತು ಅಂತ ಎಲ್ಲರೂ ಬರೆಯುವುದಕ್ಕಿಂತ ಜಾಸ್ತಿಯೇ ಬೇಕು, 40 ಮೀಟರಿಗೆ ಮೂರು ನಾಲ್ಕು ಸುತ್ತಿನಿಂದ ಏನೂ ಆಗಲ್ಲ. ಎಸ್9 ಹೋಗಿ ಎಸ್5ಕ್ಕೆ ಬಂತು. ಉಳಿದ ನಾಲ್ಕು ಮಷೀನಿಗೆ ದೀಪಾವಳಿ ಆದ ಮೇಲೆ ಮಾಡೋಣ ಅಂದಿದ್ದಾರೆ. ಕೂಲಿ ಕೊಡುತ್ತೇನೆ ಅಂದರು, ನಾನು ಒಂದು ಪ್ಯಾಂಟ್ ಇಸ್ಕೊಂಡೆ.

ನಡುವೆ ಒಂದು ಭಾನುವಾರ ಸಂಗನಕಲ್ಲು ಕಡೆ ಹೋಗಿದ್ದೆ. ಬಡಿದರೆ ಗಂಟೆಯಂತೆ ನಾದ ಬರುವ ಕಲ್ಲುಗಳಿರುವ ಗುಡ್ಡ ಅದೇ ಕಡೆ. ಬುಡದ ಹೊಲದಲ್ಲಿ ಜಾಲಿ ಮರಕ್ಕೆ ತಂತಿ ಎಸೆದು ಕೂತೆ. ಅರ್ತ್ ರಾಡ್ ಹೊಡೆಯೋಣ ಅಂದರೆ ನಾಲ್ಕು ಬೆರಳು ಮಣ್ಣು, ಕೆಳಗೆ ಬಂಡೆ. ರಾಡ್ ಬಗ್ಗಿತು, ನೆಲ ಬಗ್ಗಲಿಲ್ಲ. ಐದು ಮೀಟರ್ ತಂತಿ ಸುಮ್ನೆ ನೆಲದ ಮೇಲೆ ಚಾಚಿದ್ದೇ ಸಾಕಾಯಿತು. ಅಲ್ಲಿ ಗದ್ದಲ ಅನ್ನೋದೇ ಇಲ್ಲ, ಮೀಟರ್ ಸೊನ್ನೆ. ಎರಡು ತಾಸಿನಲ್ಲಿ ಹತ್ತೊಂಬತ್ತು ಕ್ಯೂಎಸ್ಒ (ಸಂಪರ್ಕ). ಮನೆಯಲ್ಲಿ ಅಷ್ಟಕ್ಕೆ ಎರಡು ವಾರ ಬೇಕಿತ್ತು. ಬಿಸಿಲು ನಲವತ್ತು ದಾಟಿತ್ತು. ಸೆಟ್ಟು ತಡೆಯಿತು, ನಾನು ತಡೆಯಲಿಲ್ಲ, ಹನ್ನೊಂದೂವರೆಗೆ ಗಂಟು ಕಟ್ಟಿದೆ. ಆ ಬೆಳಕಿನಲ್ಲಿ ಸೆಟ್ಟಿನ ಓಎಲ್‌ಇಡಿ ಪರದೆ ಕಾಣಲ್ಲ, ಟವೆಲ್ ಮುಸುಕು ಹಾಕಿಕೊಂಡು ನೋಡಬೇಕು. ದನ ಕಾಯುವ ಅಜ್ಜ ಬಂದು, "ಯಾಕಪ್ಪಾ, ಮೈಯಾಗ ಹುಷಾರಿಲ್ಲೇನು?" ಅಂತ ಕೇಳಿದ.

ದುಡ್ಡಿನ ಲೆಕ್ಕ: ಕಿಟ್ಟು, ತೆರಿಗೆ, ಮೂರು ಫೈನಲ್, ಕನೆಕ್ಟರ್ ಕೇಬಲ್ಲಿಗೆ 1,200, ಬ್ಯಾಟರಿಗೆ 3,200, ಫೆರೈಟ್, ಡಬ್ಬಿ, ಎಲ್ಲ ಸೇರಿ ಹದಿನೇಳೂವರೆ ಸಾವಿರ ಆಗಿರಬೇಕು. ಮನೆಯಲ್ಲಿ ಹೇಳಿರೋದು ಒಂಬತ್ತು. ಇದನ್ನ ಓದುವವರು ದಯವಿಟ್ಟು ಮನೆಗೆ ಬಂದಾಗ ಆ ಮಾತು ತೆಗೆಯಬೇಡಿ.

ಆಗದೇ ಉಳಿದದ್ದು 80 ಮೀಟರ್. ಒಂದೊಂದು ಕಾಲು ಇಪ್ಪತ್ತು ಮೀಟರ್ ಚಾಚೋಕೆ ನನ್ನ ಮಹಡಿಯಲ್ಲಿ ಜಾಗ ಇಲ್ಲ. ತಂತಿ ಮಡಚಿ ನೋಡಿದೆ, ಕಾಯಿಲ್ ಹಾಕಿ ನೋಡಿದೆ, ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ) ಒಪ್ಪಿತು, ಸಿಗ್ನಲ್ ಹೊರಗೆ ಹೋಗಲಿಲ್ಲ. ಸದ್ಯಕ್ಕೆ ಕೈಬಿಟ್ಟಿದ್ದೇನೆ.

ಹೋದ ತಿಂಗಳು ಹೊಸಪೇಟೆ ಓಎಂ ಬಂದಿದ್ದರು. ಡಿಬಿ ಪಟ್ಟಿ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. "ನಿನ್ನ ಹಳೇ ಸೆಟ್ಟು ನಿಜವಾಗ್ಲೂ ಐದು ವ್ಯಾಟ್ ಕೊಡ್ತಿತ್ತಾ?" ಅಂತ ಕೇಳಿದರು. ಡಮ್ಮಿ ಲೋಡಿಗೆ ಹಾಕಿ ತೋರಿಸಿದೆ, 5.1. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮುಗಿಯುವ ತನಕ ಬೇರೆ ಏನೂ ಮಾತಾಡಲಿಲ್ಲ. ಅವರ ಕಿಟ್ಟು ಈಗ ನನ್ನ ಮೇಜಿನ ಮೇಲೆ ಇದೆ. ಟೊರಾಯ್ಡ್ ಸುತ್ತುವ ಕೂಲಿ ಇನ್ನೂ ಮಾತಾಡಿಲ್ಲ.