ಹನ್ನೊಂದು ಗಂಟೆಯ ತಪ್ಪು ಐದೂವರೆ ಗಂಟೆಯ ತಲೆಗೆ

ಸೋಮವಾರ ಬೆಳಗ್ಗೆ ಹನ್ನೊಂದಾದರೆ ಸಾಕು, ಬಿಲ್ಲಿಂಗ್ ಸ್ಕ್ರೀನ್ ಅಲ್ಲೇ ನಿಂತುಬಿಡುತ್ತಿತ್ತು. "ಸರ್, ಸ್ವಲ್ಪ ಡೇಟಾಬೇಸ್ ನೋಡಿ" ಅಂತ ಫೋನ್ ಬರುತ್ತಿತ್ತು. ನಾನು ನೋಡುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತಿತ್ತು.

ಮೊದಲ ವಾರ ಎಸ್‌ಕ್ಯೂಎಲ್ ಸರ್ವರ್ ಪ್ರೊಫೈಲರ್ ತೆರೆದೆ, ಡೇಟಾಬೇಸಿನಲ್ಲಿ ಓಡುವುದನ್ನೆಲ್ಲ ದಾಖಲಿಸುವ ಸಾಧನ ಅದು. ಫಿಲ್ಟರ್ ಹಾಕಲಿಲ್ಲ. ಸಾಲದ್ದಕ್ಕೆ, ಸಿಕ್ಕಿದ್ದನ್ನೆಲ್ಲ ಅದೇ ಸರ್ವರಿನ ಟೇಬಲ್‌ಗೆ ಬರೆಯಲು ಬಿಟ್ಟೆ. ಕುಂಟುತ್ತಿದ್ದ ಸರ್ವರ್ ಮಲಗಿಯೇಬಿಟ್ಟಿತು. ಬೈಸಿಕೊಂಡೆ.

ಆಮೇಲೆ ಎಕ್ಸ್‌ಟೆಂಡೆಡ್ ಈವೆಂಟ್ಸ್‌ಗೆ ಬಂದೆ, ಅದೇ ಕೆಲಸ ಮಾಡುವ ಹೊಸ, ಹಗುರ ಸಾಧನ. ಪ್ರೊಫೈಲರಿನ ಹಳೆಯ ದಾಖಲಾತಿ ವಿಧಾನ (ಟ್ರೇಸ್) ಬಳಸಬೇಡಿ ಎಂದು ಮೈಕ್ರೋಸಾಫ್ಟ್ 2012ರ ಆವೃತ್ತಿಯಿಂದಲೇ ಹೇಳುತ್ತಿದೆ, ಕೇಳಿದವರು ಕಡಿಮೆ. ಮುಗಿದ ಬ್ಯಾಚ್ (ಒಟ್ಟಿಗೆ ಕಳಿಸಿದ ಆದೇಶಗಳು) ಮತ್ತು ಮುಗಿದ ಪ್ರೊಸೀಜರ್ (ಸರ್ವರಿನಲ್ಲೇ ಬರೆದಿಟ್ಟ ಆದೇಶಗಳು) ಕರೆ, ಈ ಎರಡೇ ಈವೆಂಟ್ ಹಿಡಿದೆ. ಫಲಿತಾಂಶ ಫೈಲ್‌ಗೆ, ಅದೂ ಡೇಟಾ ಇಲ್ಲದ ಬೇರೆ ಡಿಸ್ಕಿಗೆ. ತಲಾ 100 ಎಂಬಿಯ 5 ಫೈಲ್. ತುಂಬಿದರೆ ಹಳೆಯದು ತಾನೇ ಅಳಿಯುತ್ತದೆ.

ಇಲ್ಲೂ ಎಡವಿದೆ. ಒಂದು ಸೆಕೆಂಡಿಗಿಂತ ಜಾಸ್ತಿ ಓಡಿದ್ದು ಮಾತ್ರ ಬೇಕು ಅಂತ ಡ್ಯುರೇಷನ್ ಫಿಲ್ಟರಿನಲ್ಲಿ 1000 ಹಾಕಿದೆ. ಅಲ್ಲಿನ ಲೆಕ್ಕ ಮೈಕ್ರೋಸೆಕೆಂಡಿನದು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ! ಸಣ್ಣಪುಟ್ಟದ್ದೆಲ್ಲ ಬಂದು ತುಂಬಿತು, ಮಧ್ಯಾಹ್ನದೊಳಗೆ ಹನ್ನೊಂದರ ಸಾಕ್ಷಿಯೇ ಅಳಿಸಿಹೋಗಿತ್ತು. 10,00,000 ಅಂತ ತಿದ್ದಿ ಇನ್ನೊಂದು ಸೋಮವಾರ ಕಾದೆ.

ಈ ಸಲ ಸಿಕ್ಕಿತು. ಆದರೆ ದೊಡ್ಡ ಕ್ವೆರಿಯ (ಡೇಟಾಬೇಸಿಗೆ ಕೇಳಿದ ಪ್ರಶ್ನೆಯ) ಸಮಯ ಬೆಳಗಿನ 5:30 ಅಂತ ಇತ್ತು. ಆ ಹೊತ್ತಿಗೆ ಓಡುವುದು ಬ್ಯಾಕಪ್. ಅದನ್ನು ನೋಡಿಕೊಳ್ಳುವ ಗೆಳೆಯನ ಜೊತೆ ಅರ್ಧ ದಿನ ಜಗಳವಾಡಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಎಕ್ಸ್‌ಟೆಂಡೆಡ್ ಈವೆಂಟ್ಸ್ ಸಮಯ ಬರೆಯುವುದು ಯುಟಿಸಿಯಲ್ಲಿ, ಅಂದರೆ ನಮಗಿಂತ ಹಿಂದಿರುವ ಜಾಗತಿಕ ಸಮಯದಲ್ಲಿ. ಐದೂವರೆ ಗಂಟೆ ಕೂಡಿಸಿದರೆ ಸರಿಯಾಗಿ ಹನ್ನೊಂದು, ಅಲ್ವಾ? ಯಾರೋ ವಾರಕ್ಕೊಮ್ಮೆ ತೆಗೆಯುತ್ತಿದ್ದ ಮಾರಾಟದ ರಿಪೋರ್ಟ್ ಅದು. ತಾರೀಖಿನ ಮಿತಿಯೇ ಇಲ್ಲದೆ, ಶುರುವಿನಿಂದ ಇವತ್ತಿನವರೆಗಿನ ಬಿಲ್‌ಗಳನ್ನೆಲ್ಲ ಓದುತ್ತಿತ್ತು.

ಈಗ ಫೈಲ್‌ಗಳನ್ನು ರಾತ್ರಿ ಬೇರೊಂದು ಸರ್ವರಿಗೆ ಸಾಗಿಸಿ, ಅಲ್ಲಿ ಟೇಬಲ್‌ಗೆ ಹಾಕುತ್ತೇನೆ. ಫೈಲ್ ಓದಿದಾಗ ಸಿಗುವ ಎಕ್ಸ್ಎಂಎಲ್ (ಟ್ಯಾಗ್ ತುಂಬಿದ ಪಠ್ಯ) ಅನ್ನು ಹಾಗೇ ಇಟ್ಟರೆ ಹುಡುಕಲು ಹಿಂಸೆ. ಸುಮ್ನೆ ಸಮಯ, ಡ್ಯುರೇಷನ್, ಸಿಪಿಯು, ರೀಡ್ಸ್ (ಎಷ್ಟು ಡೇಟಾ ಓದಿತು), ಕ್ವೆರಿ ಹ್ಯಾಶ್ (ಒಂದೇ ಬಗೆಯ ಕ್ವೆರಿಗಳನ್ನು ಗುರುತಿಸುವ ಸಂಕೇತ), ಕ್ವೆರಿಯ ಪಠ್ಯ ಇಷ್ಟನ್ನೇ ಬಿಡಿಸಿ ಇಡುತ್ತೇನೆ. ಸಮಯವನ್ನು ಆಗಲೇ ನಮ್ಮ ಗಡಿಯಾರಕ್ಕೆ ತಿರುಗಿಸಿರುತ್ತೇನೆ. ಪಠ್ಯದೊಳಗೆ ಗ್ರಾಹಕರ ಫೋನ್ ನಂಬರ್‌ಗಳೂ ಬಂದುಬಿಡುತ್ತವೆ. ಹಾಗಾಗಿ ಆ ಟೇಬಲ್ ತೆರೆಯಲು ಇಬ್ಬರಿಗೆ ಮಾತ್ರ ಅನುಮತಿ, ಮೂವತ್ತು ದಿನವಾದರೆ ಅಳಿಸುತ್ತೇವೆ.