ಒಂಟಿ ಮನೆಯ ಹಿರಿಯರಿಗೆ ಆರೈಕೆಯ ಜನ ಹೊಂದಿಸುವುದು: ಮಲೆನಾಡಿನಲ್ಲಿ ನನ್ನ ಅನುಭವ

ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆ ತೋಟಕ್ಕೊಂದು ಮನೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಅಮ್ಮ ಹಾಸಿಗೆ ಹಿಡಿದ ಕೂಡಲೇ ‘24 ಗಂಟೆ ಇರೋ ಹೋಂ ನರ್ಸ್ ಬೇಕಿತ್ತು’ ಎಂದು ಫೋನ್ ಮಾಡುತ್ತಾರೆ. ಪೇಟೆಯ ಏಜೆನ್ಸಿಯಿಂದ ಬಂದ ಹುಡುಗಿ ಮೂರನೇ ವಾರಕ್ಕೆ ಬಸ್ಸು ಹತ್ತುತ್ತಾಳೆ. ರಾತ್ರಿ ನಾಲ್ಕು ಸಲ ಏಳಬೇಕು, ಹಗಲು ಕಣ್ಣು ಮುಚ್ಚುವ ಹಾಗಿಲ್ಲ, ವಾರಕ್ಕೊಂದು ರಜೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇದರ ಮೇಲೆ ಮನೆಮಂದಿಯ ಪಾತ್ರೆ, ಕೊಟ್ಟಿಗೆ ಕೆಲಸವೂ ನಿಧಾನಕ್ಕೆ ಅವಳ ತಲೆಗೇ ಬರುತ್ತದೆ. ಹೀಗಿರುವಾಗ ಯಾರೂ ನಿಲ್ಲುವುದಿಲ್ಲ. ಅದಕ್ಕೇ ನಾವು 24 ಗಂಟೆಯ ಜನ ಹುಡುಕುವುದನ್ನು ಬಿಟ್ಟು, ಕೆಲಸವನ್ನು ಹೊತ್ತುಗಳಾಗಿ ಒಡೆದು ಊರಿನ ಹೆಂಗಸರಿಗೇ ಹಂಚಿದೆವು.

ಮೊದಲು ಒಂದು ಇಡೀ ದಿನ ಆ ಮನೆಯಲ್ಲಿ ಕೂತು, ಯಾವಾಗ ಏನು ಬೇಕಾಗುತ್ತದೆ ಎಂದು ಬರೆದುಕೊಳ್ಳುತ್ತೇವೆ. ಮೈ ಒರೆಸಿ, ಬಟ್ಟೆ ಬದಲಿಸಿ, ತಿಂಡಿ ತಿನ್ನಿಸಿ, ಮಾತ್ರೆ ಕೊಡಲು ಬೆಳಗ್ಗೆ ಎರಡೂವರೆ ಗಂಟೆ ಬೇಕು. ಮಧ್ಯಾಹ್ನಕ್ಕೆ ಒಂದು ಗಂಟೆ, ಸಂಜೆಗೆ ಒಂದೂವರೆ. ಉಳಿದ ಹೊತ್ತು ಕೂಗಿದರೆ ಕೇಳುವಷ್ಟು ಹತ್ತಿರ ಒಬ್ಬರಿದ್ದರೆ ಸಾಕು, ರಾತ್ರಿ ಮಲಗಲು ಬೇರೆಯವರು. 20 ನಿಮಿಷದ ಕಾಲುದಾರಿಯೊಳಗೆ ಇಂಥ ಮೂರು ಮನೆ ಸಿಕ್ಕರೆ ಇಬ್ಬರು ಹೆಂಗಸರಿಗೆ ವರ್ಷವಿಡೀ ಕೆಲಸ ಸಿಗುತ್ತದೆ. ಒಂದು ಮಾತ್ರ ನೆನಪಿರಲಿ: ಹಿರಿಯರಿಗೆ ತಾವಾಗಿ ಮಗ್ಗುಲಾಗಲು ಬರದೆ, ಮನೆಯಲ್ಲಿ ಇನ್ನೊಬ್ಬರೂ ಇಲ್ಲದಿದ್ದರೆ ಈ ಕ್ರಮ ಸಾಲದು. ಹಗಲಿಗೂ ಒಬ್ಬರು ಅಲ್ಲೇ ಇರಬೇಕು.

ಜನ ಹಿಡಿದಿಡುವುದರಲ್ಲಿ ಸೋಲುವುದು ಅಡಿಕೆ ಸುಗ್ಗಿಯಲ್ಲಿ. ಸುಲಿಯಲು ಹೋದರೆ ಸಂಜೆಗೆ ಕೈಗೆ ದುಡ್ಡು, ನಾಲ್ಕು ಜನರ ಜೊತೆ ಮಾತುಕತೆ. ಮುದುಕರ ಮಂಚದ ಪಕ್ಕ ಇದ್ಯಾವುದೂ ಇಲ್ಲ. ಹಾಗಾಗಿ ಗಂಟೆ ಲೆಕ್ಕದಲ್ಲಿ ಸುಲಿಯುವ ಕೂಲಿಗಿಂತ ಒಂದಿಷ್ಟು ಹೆಚ್ಚೇ ಕೊಡಬೇಕು. ಹಿರಿಯರು ಆಸ್ಪತ್ರೆ ಸೇರಿದ ದಿನಗಳಿಗೆ ಅರ್ಧ ಸಂಬಳವಾದರೂ ಇರಬೇಕು, ಇಲ್ಲದಿದ್ದರೆ ವಾಪಸು ಬರುವಷ್ಟರಲ್ಲಿ ಆಕೆ ಬೇರೆ ಕೆಲಸ ಹಿಡಿದಿರುತ್ತಾಳೆ. ವಾರಕ್ಕೊಂದು ರಜೆ, ಆ ದಿನಕ್ಕೆ ಇನ್ನೊಬ್ಬಾಕೆ. ಇದನ್ನು ಮೊದಲೇ ಬರೆದು, ಮಾಡುವ ಮತ್ತು ಮಾಡದಿರುವ ಕೆಲಸ ಎರಡನ್ನೂ ಗೋಡೆಗೆ ಅಂಟಿಸುತ್ತೇವೆ. ಒಳಗೆ ಬರುವುದು, ನೀರು ಕುಡಿಯುವುದು, ಊಟಕ್ಕೆ ಕೂರುವುದು ಎಲ್ಲಿ ಎನ್ನುವುದನ್ನೂ ಅದೇ ದಿನ ಬಾಯಿಬಿಟ್ಟು ಕೇಳುತ್ತೇವೆ. ಅಡುಗೆಮನೆಗೆ ಬರಕೂಡದು, ಆದರೆ ಮಲ ತೆಗೆಯಬೇಕು ಎನ್ನುವ ಮನೆಗೆ ನಾವು ಜನ ಕಳಿಸುವುದಿಲ್ಲ. ಈ ಮಾತು ಆಡಲು ಮುಜುಗರವಾಗುತ್ತದೆ, ಆದರೆ ಆಡದೇ ಬಿಟ್ಟರೆ ಅವಮಾನ ನುಂಗುವವಳು ಆ ಹೆಂಗಸು. ಬಂಗಾರ, ಎಟಿಎಂ ಕಾರ್ಡು ಬೀಗದೊಳಗೆ ಹೋಗಲಿ. ಅನುಮಾನಕ್ಕೆ ಜಾಗವೇ ಇರಬಾರದು.

ಕಲಿಸುವುದು ಹತ್ತು ದಿನ, ಅರ್ಧ ದಿನದಂತೆ, ಮಂಚದ ಪಕ್ಕದಲ್ಲೇ. ಮೊದಲ ಪಾಠ ಮಂಚದ ಎತ್ತರ. ಮಲೆನಾಡಿನ ಹಳೇ ಮಂಚಗಳು ತಗ್ಗು, ಬಗ್ಗಿ ಬಗ್ಗಿ ಆರೈಕೆ ಮಾಡುವವಳ ಸೊಂಟ ಬಿದ್ದುಹೋಗುತ್ತದೆ. ಹಾಸಿಗೆ ಆಕೆಯ ಸೊಂಟದ ಮಟ್ಟಕ್ಕೆ ಬರುವಂತೆ ಕಾಲುಗಳ ಕೆಳಗೆ ಗುಳಿ ತೋಡಿದ ಮರದ ತುಂಡು ಕೊಡಿಸುತ್ತೇವೆ. ಗುಳಿಯಿಲ್ಲದ ತುಂಡು ಜಾರುತ್ತದೆ. ಹಿರಿಯರು ತಾವೇ ಇಳಿದು ಓಡಾಡುವವರಾದರೆ ಎತ್ತರಿಸಬಾರದು, ಕೂತಾಗ ಪಾದ ನೆಲಕ್ಕೆ ತಾಗಲೇಬೇಕು.

ಎರಡನೆಯದು ಒತ್ತುಹುಣ್ಣು, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಮೈ ಒತ್ತಿ ಆಗುವ ಹುಣ್ಣು. ಹಗಲು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟೇ ಓರೆ ಮಾಡಬೇಕು. ಮೀನಖಂಡದ ಕೆಳಗೆ ಮಡಚಿದ ಹಳೇ ಪಂಚೆ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ಮೇಲಕ್ಕೆ ಸರಿಸುವಾಗ ಎಳೆಯಬಾರದು, ಕೆಳಗೆ ಹಾಸಿದ ಅಡ್ಡಬಟ್ಟೆ ಹಿಡಿದು ಇಬ್ಬರು ಎತ್ತಬೇಕು. ಬೆನ್ನಿನ ಬುಡ ಕೆಂಪಾಗಿದ್ದರೆ ಬೆರಳಲ್ಲಿ ಒತ್ತಿ ಬಿಟ್ಟು ನೋಡಿ. ಒತ್ತಿದಾಗ ಬಣ್ಣ ಬಿಳಿಚದೆ ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಕಪ್ಪು ಮೈಯವರಲ್ಲಿ ಕೆಂಪು ಕಾಣಿಸದು, ಆ ಜಾಗ ಬಿಸಿಯಾಗಿದೆಯೋ ಗಟ್ಟಿಯಾಗಿದೆಯೋ ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಾಕಿ ತಿಕ್ಕುವ ರೂಢಿಯಿದೆ, ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ.

ಗಾಳಿ ಹಾಸಿಗೆ ತಂದೆವು, ಇನ್ನು ಮಗ್ಗುಲು ಬದಲಿಸಬೇಕಿಲ್ಲ ಎಂದು ಮಕ್ಕಳು ನಂಬುತ್ತಾರೆ. ಬದಲಿಸಲೇಬೇಕು. ಅದರ ಪಂಪು ಓಡುವುದು ಕರೆಂಟಿನಲ್ಲಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಗಾಳಿ ಇಳಿದು, ಹಿರಿಯರ ಮೈ ಮಂಚದ ಹಲಗೆಗೆ ತಾಗುತ್ತದೆ. ಅದಕ್ಕೇ ಗಾಳಿ ಹಾಸಿಗೆಯ ಕೆಳಗೆ ಹತ್ತಿ ಹಾಸಿಗೆ ಇರಲೇಬೇಕು.

ಲಕ್ವ ಹೊಡೆದವರಿಗೆ ತೆಳು ನೀರು, ಕಾಫಿಯೇ ಗಂಟಲಲ್ಲಿ ಅಡ್ಡ ಹೋಗುವುದು. ನುಂಗುವಾಗ ಕೆಮ್ಮಿದರೆ, ಕುಡಿದ ಮೇಲೆ ದನಿ ಗೊರಗೊರ ಎಂದರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಚಿಕ್ಕ ಚಮಚದಲ್ಲಿ ತಿನ್ನಿಸಿ, ಉಂಡ ಮೇಲೆ 30 ನಿಮಿಷ ಮಲಗಿಸಬಾರದು. ಸಕ್ಕರೆ ಕಾಯಿಲೆಯವರು ಉಣ್ಣಲು ಒಲ್ಲೆ ಎಂದ ದಿನ ಮಾತ್ರೆ, ಇನ್ಸುಲಿನ್ ಕೊಡುವ ಮೊದಲು ಫೋನ್ ಮಾಡಬೇಕು. ಬೆವರಿ, ನಡುಗಿ, ಮಾತು ತೊದಲಿದರೆ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ತಿಳಿದು, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಪ್ರತಿ ಮನೆಗೊಂದು ನೋಟ್‌ಬುಕ್. ಎಷ್ಟು ಲೋಟ ನೀರು ಹೋಯಿತು, ಮೂತ್ರದ ಬಣ್ಣ ಏನು, ಮಲ ಯಾವಾಗ ಆಯಿತು, ಬೆನ್ನು ಹೇಗಿದೆ, ಮಾತ್ರೆ ಕೊಟ್ಟಾಯಿತೇ. ಇಷ್ಟೇ ಕಲಂ ಇರಲಿ, ಹೆಚ್ಚಾದರೆ ಯಾರೂ ತುಂಬುವುದಿಲ್ಲ. ಮೂರು ದಿನ ಮಲ ಹೋಗದಿದ್ದರೆ ನಮಗೆ ಫೋನ್. ಮಕ್ಕಳಲ್ಲಿ ಒಬ್ಬರು ಮಾತ್ರ ಆರೈಕೆಯವಳ ಜೊತೆ ಮಾತಾಡಬೇಕು. ಅಣ್ಣ ಒಂದು, ತಂಗಿ ಒಂದು ಹೇಳಿದರೆ ಆಕೆ ಯಾರ ಮಾತು ಕೇಳುವುದು?

ಗಂಡಸರ ಸ್ನಾನಕ್ಕೆ ಜನ ಸಿಗುವುದು ಇವತ್ತಿಗೂ ಕಷ್ಟ. ವಾರಕ್ಕೆ ಮೂರು ದಿನ, ಬೆಳಗ್ಗೆ ಒಂದು ಗಂಟೆ ಹೊತ್ತಿನ ಮಟ್ಟಿಗೆ ಊರಿನ ಒಬ್ಬ ಗಂಡಸನ್ನು ಗೊತ್ತು ಮಾಡುತ್ತೇವೆ. ಉಳಿದ ದಿನ ಹೆಂಗಸರು ಟವೆಲ್ ಹೊದಿಸಿಯೇ ಮೈ ಒರೆಸುತ್ತಾರೆ.

ಮೇ ತಿಂಗಳಲ್ಲಿ ಮಳೆಗಾಲದ ತಯಾರಿ. ಒಂದು ತಿಂಗಳ ಔಷಧಿ, ಡಯಾಪರ್ ಮನೆಯಲ್ಲಿರಬೇಕು. ಬಚ್ಚಲಿನ ದಾರಿಯ ಹಾವಸೆ ಕೆರೆದು ಸುಣ್ಣ ಹಾಕಿಸಬೇಕು. 108 ಆಂಬುಲೆನ್ಸ್ ಟಾರ್ ರಸ್ತೆವರೆಗೆ ಬರುತ್ತದೆ, ಅಲ್ಲಿಂದ ಮನೆಗೆ ಎಷ್ಟೋ ಕಡೆ ಕಾಲುಸಂಕ (ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಿರುಸೇತುವೆ) ದಾಟಬೇಕು. ಕೈಯಿರುವ ಗಟ್ಟಿ ಮರದ ಕುರ್ಚಿಗೆ ಎರಡೂ ಬದಿ ಬಿದಿರು ಕಟ್ಟಿ, ಎದೆಗೂ ತೊಡೆಗೂ ಪಂಚೆ ಸುತ್ತಿ, ನಾಲ್ವರು ಹೊರುವುದು. ಹೊರುವವರ ಹೆಸರು, ಜೀಪಿನವರ ನಂಬರು ಬಾಗಿಲ ಹಿಂದೆ ಬರೆದಿರಬೇಕು. ಮೊದಲು ಅಕ್ಕಿ ಮೂಟೆ ಕಟ್ಟಿದ ಕುರ್ಚಿಯನ್ನು ಒಮ್ಮೆ ರಸ್ತೆವರೆಗೆ ಹೊತ್ತು ನೋಡುತ್ತೇವೆ. ಗಂಟು ಎಲ್ಲಿ ಸಡಿಲಾಗುತ್ತದೆ, ಸಂಕದ ಮೇಲೆ ಇಬ್ಬರು ಅಕ್ಕಪಕ್ಕ ನಡೆಯಲು ಆಗುತ್ತದೋ ಇಲ್ಲವೋ ಆವತ್ತೇ ಗೊತ್ತಾಗುತ್ತದೆ. ಆಗದಿದ್ದರೆ ಮಳೆ ಹಿಡಿಯುವ ಮೊದಲು ಇನ್ನೊಂದು ಅಡಿಕೆ ಮರ ಅಡ್ಡ ಹಾಕಿಸುತ್ತೇವೆ.