ದೊರೆಗಳ ಮನೆಯಲ್ಲಿ ದುಡಿದ ಮುತ್ತಜ್ಜಿಯನ್ನು ಹುಡುಕುವುದು ಹೇಗೆ?

"ನಮ್ಮ ಮುತ್ತಜ್ಜಿ ದಂಡಿನಲ್ಲಿ ದೊರೆಸಾನಿ ಮನೆಯ ಆಯಾ ಆಗಿದ್ದರಂತೆ. ಮಗು ನೋಡಿಕೊಳ್ಳೋಕೆ ಅಂತ ಸೀಮೆಗೂ, ಅಂದರೆ ಇಂಗ್ಲೆಂಡಿಗೂ, ಹೋಗಿ ಬಂದಿದ್ದರಂತೆ." ಬೆಂಗಳೂರಿನ ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್ ಕಡೆಯ ಹಳೇ ಮನೆಗಳಲ್ಲಿ ಇಂಥ ಮಾತು ಈಗಲೂ ಕೇಳಿಬರುತ್ತದೆ. ಯಾರ ಮನೆ, ಯಾವ ವರ್ಷ, ಯಾವ ಹಡಗು ಎಂದು ಮುಂದೆ ಕೇಳಿದರೆ ಉತ್ತರ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಅಜ್ಜಿಯ ಹೆಸರೇ ಮರೆತುಹೋಗಿದೆ. ಆದರೂ ಹುಡುಕಲು ದಾರಿಗಳಿವೆ. ಸ್ವಲ್ಪ ತಾಳ್ಮೆ ಬೇಕು, ಹುಡುಕುವ ಕ್ರಮ ಗೊತ್ತಿರಬೇಕು.

ಬೆಂಗಳೂರಿನ ದಂಡು, ಅಂದರೆ ಬ್ರಿಟಿಷ್ ಸೈನ್ಯದ ಕಂಟೋನ್ಮೆಂಟ್, ಶುರುವಾದದ್ದು 1809ರಲ್ಲಿ. 1881ರಲ್ಲಿ ಮೈಸೂರು ಸೀಮೆ ಒಡೆಯರ ಕೈಗೆ ವಾಪಸ್ ಬಂದರೂ ದಂಡು ಪ್ರದೇಶ ಮಾತ್ರ 1947ರವರೆಗೆ ಬ್ರಿಟಿಷರ ಹತ್ತಿರವೇ ಉಳಿಯಿತು. ಅಷ್ಟೂ ಕಾಲ ಬ್ರಿಟಿಷ್ ದೊರೆಗಳ ಪ್ರತಿ ಬಂಗಲೆಯ ಹಿಂದಿನ ಔಟ್‌ಹೌಸ್‌ಗಳಲ್ಲಿ ಬಟ್ಲರ್, ಅವನ ಕೈಕೆಳಗಿನ ಮೇಟಿ, ಅಡುಗೆಯವನು, ಆಯಾ, ಕುದುರೆ ನೋಡುವ ಸಾಯಿಸ್, ಹುಲ್ಲು ತರುವವರು, ಮಾಲಿ, ಅಗಸ ಎಲ್ಲರೂ ಸಂಸಾರ ಸಮೇತ ಇದ್ದರು. ಊರು ನಡೆದದ್ದೇ ಇವರ ದುಡಿಮೆಯಿಂದ. ಬರೆದಿಟ್ಟವರು ಮಾತ್ರ ಇವರ ಹೆಸರು ಬರೆಯಲಿಲ್ಲ.

1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಅವರನ್ನೇ ನೋಡಿ. ಇನ್ನಿಬ್ಬರು ಅಧಿಕಾರಿಗಳ ಜೊತೆ ಒಂದು ಬಂಗಲೆಯಲ್ಲಿದ್ದರು. ತಮ್ಮ ಆತ್ಮಕಥೆಯಲ್ಲಿ ಆ ಮನೆಯ ಆಳುಗಳ ಲೆಕ್ಕ ಕೊಟ್ಟಿದ್ದಾರೆ: ಬಟ್ಲರ್‌ಗಳು, ಸಾಯಿಸ್‌ಗಳು ಬೇರೆ, ಮೂವರಿಗೂ ಸೇರಿ ಇಬ್ಬರು ಮಾಲಿ, ಮೂವರು ನೀರು ಹೊರುವ ಭಿಸ್ತಿ, ನಾಲ್ವರು ಅಗಸರು, ಒಬ್ಬ ಕಾವಲುಗಾರ. ಅಲ್ಲಿ ಇಷ್ಟು ಜನರ ಎಣಿಕೆ ಇದೆ, ಹೆಸರಿಲ್ಲ. ಆ ನಾಲ್ವರು ಅಗಸರಲ್ಲಿ ಒಬ್ಬರ ಮರಿಮಗ ಇವತ್ತು ಈ ಲೇಖನ ಓದುತ್ತಿರಬಹುದು, ಅಲ್ವಾ?

ಅದಕ್ಕೇ ಮೊದಲು ಆಳಿನ ಹೆಸರು ಹುಡುಕಲು ಹೋಗಬೇಡಿ. ದೊರೆಯ ಹೆಸರು ಹುಡುಕಿ. ಅಜ್ಜಿಯ ಗುರುತು ಇದ್ದರೆ ಅದು ಅವರ ಕಾಗದಗಳಲ್ಲಿ, ಯಾವುದೋ ಮೂಲೆಯಲ್ಲಿ ಇರುತ್ತದೆ.

ಮೊದಲು ಮನೆಯಲ್ಲೇ ಕೇಳಿ

ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿ. "ಅಜ್ಜಿಯ ಬಗ್ಗೆ ಏನು ಗೊತ್ತು?" ಎಂದು ಸುಮ್ನೆ ಕೇಳಿದರೆ "ಏನೂ ಗೊತ್ತಿಲ್ಲ" ಎಂದುಬಿಡುತ್ತಾರೆ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಿ. ದೊರೆ ಕರ್ನಲ್ಲೋ, ಡಾಕ್ಟರೋ, ರೈಲ್ವೆಯವರೋ, ಪಾದ್ರಿಯೋ? ಬಂಗಲೆ ಯಾವ ರಸ್ತೆಯಲ್ಲಿತ್ತು? ಅಜ್ಜಿ ಎತ್ತಿ ಆಡಿಸಿದ ಮಗುವನ್ನು ಏನೆಂದು ಕರೆಯುತ್ತಿದ್ದರು? ಬೇಸಿಗೆಯಲ್ಲಿ ಊಟಿಗೆ ಹೋಗುತ್ತಿದ್ದರಾ? ದೊರೆಯ ಹೆಸರು ಮರೆತಿದ್ದರೂ ಮಗುವಿನ ಹೆಸರು ನೆನಪಿರುವುದು ಜಾಸ್ತಿ. "ಜಾರ್ಜಿ ಬಾಬಾ" ಎಂಬ ಒಂದು ತುಣುಕು ಸಿಕ್ಕರೂ ಸಾಕು, ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಟ್ರಂಕು ತೆಗೆಯಿರಿ. ನೀವು ಹುಡುಕಬೇಕಾದ್ದು ಚೀಟಿಗಳನ್ನು. ಕೆಲಸ ಬಿಡುವಾಗ ದೊರೆಸಾನಿಯರು ಬರೆದುಕೊಡುತ್ತಿದ್ದ ಶಿಫಾರಸು ಪತ್ರಕ್ಕೆ ಹಾಗೆನ್ನುತ್ತಿದ್ದರು. ಮುಂದಿನ ಮನೆಯಲ್ಲಿ ಕೆಲಸ ಸಿಗಲು ಅದೇ ಆಧಾರ. ಹಾಗಾಗಿ ಬಟ್ಲರ್‌ಗಳೂ ಆಯಾಗಳೂ ಅವನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಓದು ಬಾರದವರೂ ಯಾವ ಚೀಟಿ ಯಾವ ದೊರೆಯದು ಎಂದು ಮಡಿಕೆ ನೋಡಿ ಹೇಳಿಬಿಡಬಹುದಿತ್ತು. ಅಂಥ ಒಂದು ಚೀಟಿ ಸಿಕ್ಕರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಚೀಟಿಯ ಒಕ್ಕಣೆ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ: ಇಂಥವಳು ನನ್ನ ಬಳಿ ಇಷ್ಟು ಕಾಲ ಇದ್ದಳು, ಪ್ರಾಮಾಣಿಕಳು, ಮಕ್ಕಳನ್ನು ಚೆನ್ನಾಗಿ ನೋಡಿಕೊಂಡಳು, ನಾವು ಸ್ವದೇಶಕ್ಕೆ ಹೊರಟಿರುವುದರಿಂದ ಬಿಡುತ್ತಿದ್ದೇವೆ. ಹೊಗಳಿಕೆ ಓದಿ ಅಲ್ಲಿಗೇ ನಿಲ್ಲಬೇಡಿ. ಮೇಲಿನ ಮೂಲೆಯಲ್ಲಿ ಊರು, ತಾರೀಕು ಇರುತ್ತದೆ. ಕೆಳಗೆ ಸಹಿ, ಅದರ ಪಕ್ಕ ಗಂಡನ ಹುದ್ದೆ ಅಥವಾ ಪಡೆಯ (ರೆಜಿಮೆಂಟಿನ) ಹೆಸರು ಚುಟುಕಾಗಿ ಇರುತ್ತದೆ. ಸಹಿ ಓದಲು ಬಾರದಿದ್ದರೂ ಪಡೆ ಮತ್ತು ತಾರೀಕು ಸಿಕ್ಕರೆ ದೊರೆ ಯಾರೆಂದು ಪತ್ತೆ ಹಚ್ಚಬಹುದು. ಮೊದಲು ಫೋಟೊ ತೆಗೆದಿಡಿ. ಹಳೇ ಮಡಿಕೆಗಳು ಬಿಚ್ಚುವಾಗಲೇ ಹರಿಯುತ್ತವೆ. ಸೆಲ್ಲೋಟೇಪು ಮಾತ್ರ ಹಚ್ಚಲೇಬೇಡಿ.

ದೊರೆಯನ್ನು ಗುರುತು ಹಿಡಿಯುವುದು

ದೊರೆ ಸೈನ್ಯದವರಾದರೆ ಬ್ರಿಟಿಷ್ ಸೇನಾ ಪಟ್ಟಿಗಳನ್ನು ನೋಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟ್‌ನಲ್ಲಿ ಬಹಳಷ್ಟು ಪುಕ್ಕಟೆ ಸಿಗುತ್ತವೆ. ಸೈನ್ಯದವರಲ್ಲದಿದ್ದರೆ ಥ್ಯಾಕರ್ಸ್ ಡೈರೆಕ್ಟರಿ, ಮದ್ರಾಸಿನ ಅಸೈಲಂ ಪ್ರೆಸ್ ಆಲ್ಮನಾಕ್ ನೋಡಬೇಕು. ಇವುಗಳಲ್ಲಿ ಊರೂರಿನ ಯುರೋಪಿಯನ್ನರ ಹೆಸರು, ಉದ್ಯೋಗ ಇರುತ್ತವೆ.

ನಂತರ ಮಗುವಿನ ಬ್ಯಾಪ್ಟಿಸಂ, ಅಂದರೆ ಚರ್ಚಿನಲ್ಲಿ ಮಾಡಿಸುವ ದೀಕ್ಷಾಸ್ನಾನ. ಇಲ್ಲಿನ ಚರ್ಚುಗಳ ಬ್ಯಾಪ್ಟಿಸಂ, ಮದುವೆ, ಸಮಾಧಿ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಸರ್ಕಾರಿ ಕಚೇರಿಯೇ ಇಂಡಿಯಾ ಆಫೀಸ್. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಬೆಂಗಳೂರಿನದನ್ನು "ಮೈಸೂರು" ಎಂದು ಹುಡುಕಿದರೆ ಸಿಗುವುದಿಲ್ಲ, "ಮದ್ರಾಸ್" ಎಂದು ಹುಡುಕಬೇಕು. ಬಳ್ಳಾರಿ, ಮಂಗಳೂರು ಕೂಡ ಮದ್ರಾಸಿನ ಲೆಕ್ಕವೇ. ಬೆಳಗಾವಿ, ಧಾರವಾಡ ಮಾತ್ರ ಬಾಂಬೆಯ ಲೆಕ್ಕ. ಫೈಂಡ್‌ಮೈಪಾಸ್ಟ್ ಎಂಬ ವಂಶಾವಳಿ ವೆಬ್‌ಸೈಟ್‌ನಲ್ಲಿ ಹಣ ಕೊಟ್ಟರೆ ಮೂಲ ಪುಟಗಳನ್ನೇ ನೋಡಬಹುದು. ಫ್ಯಾಮಿಲಿಸರ್ಚ್ ಎಂಬ ಇನ್ನೊಂದು ವೆಬ್‌ಸೈಟ್‌ನಲ್ಲಿ ಸೂಚಿ ಪುಕ್ಕಟೆ. ಫಿಬಿಸ್ ಎಂಬ ಸಂಘದ ವೆಬ್‌ಸೈಟ್ ಕೂಡ ಪುಕ್ಕಟೆ. ಬ್ರಿಟಿಷ್ ಭಾರತದ ಕುಟುಂಬಗಳಿಗಾಗಿಯೇ ಇರುವ ಸಂಘ ಅದು. ನನ್ನ ಸಲಹೆ: ಪುಕ್ಕಟೆ ಇರುವ ಎರಡನ್ನೂ ಪೂರ್ತಿ ಜಾಲಾಡಿದ ಮೇಲೆಯೇ ದುಡ್ಡು ಕೊಡಿ.

ಬ್ಯಾಪ್ಟಿಸಂ ಸಾಲಿನಲ್ಲಿ ತಂದೆಯ ಹುದ್ದೆ, ತಾಯಿಯ ಹೆಸರು, ಹುಟ್ಟಿದ ದಿನ ಎಲ್ಲ ಇರುತ್ತದೆ. ಇನ್ನು ಮಗುವಿನ ಹಿಂದೆ ಹೋದರೆ ಆಯಾ ಸಿಗುವ ಸಾಧ್ಯತೆ ಇದೆ.

ಹಡಗು, ಜನಗಣತಿ, ಹ್ಯಾಕ್ನಿಯ ಮನೆ

ನಮ್ಮ ದೇಶದ ಹಳೇ ಜನಗಣತಿಯಲ್ಲಿ ಅಂಕಿಅಂಶ ಮಾತ್ರ ಉಳಿದಿದೆ, ಮನೆಮನೆಯ ಹೆಸರಿನ ಹಾಳೆಗಳಿಲ್ಲ. ಇಂಗ್ಲೆಂಡಿನಲ್ಲಿ ಅವು ಉಳಿದಿವೆ. 1921ರ ಗಣತಿಯವರೆಗಿನ ಹಾಳೆಗಳು ಈಗ ಜನರಿಗೆ ತೆರೆದಿವೆ. 1931ರದು ಬೆಂಕಿಗೆ ಆಹುತಿಯಾಯಿತು. ಹಾಗಾಗಿ ಅಜ್ಜಿ ಸೀಮೆಗೆ ಹೋಗಿದ್ದರೆ ಅವರ ಗುರುತು ಇಲ್ಲಿಗಿಂತ ಅಲ್ಲೇ ಸಿಗಬಹುದು.

ಬ್ರಿಟನ್ನಿಗೆ ಬಂದಿಳಿದ ಪ್ರಯಾಣಿಕರ ಪಟ್ಟಿಗಳು 1878ರಿಂದ, ಹೊರಟವರದು 1890ರಿಂದ ಇವೆ. ಎರಡೂ 1960ರವರೆಗೆ ಬರುತ್ತವೆ. ದೊರೆಸಾನಿಯ ಹೆಸರು ಹಾಕಿ ಹುಡುಕಿ. ಅವರ ಸಾಲು ಸಿಕ್ಕ ಮೇಲೆ ಕಂಪ್ಯೂಟರ್ ತೋರಿಸಿದ ಹೆಸರಿಗೆ ತೃಪ್ತಿಪಡಬೇಡಿ. ಮೂಲ ಹಾಳೆಯ ಚಿತ್ರ ತೆಗೆದು ಕೆಳಗಿನ ಸಾಲುಗಳನ್ನು ಕಣ್ಣಾರೆ ಓದಿ. "ಆಯಾ" ಎಂದಷ್ಟೇ ಇರಬಹುದು. "ಇಂಥ ದೊರೆಸಾನಿಯ ಆಯಾ" ಎಂದಿರಬಹುದು. ಒಮ್ಮೊಮ್ಮೆ ದೊರೆಯ ಮನೆಹೆಸರನ್ನೇ ಅವಳಿಗೂ ಅಂಟಿಸಿರುತ್ತಾರೆ. ಗಣತಿ ಹಾಳೆಯಲ್ಲೂ ಹೀಗೇ. ಸಂಬಂಧದ ಕಾಲಂನಲ್ಲಿ "ಆಳು", ಹುಟ್ಟಿದ ಊರಿನ ಕಾಲಂನಲ್ಲಿ "ಮದ್ರಾಸ್" ಅಥವಾ ಬರೀ "ಇಂಡಿಯಾ" ಎಂದಿರುತ್ತದೆ. ಸಮುದ್ರ ದಾಟಿ, ಹಡಗಿನಲ್ಲಿ ವಾಂತಿ ಮಾಡುವ ಮಕ್ಕಳನ್ನು ಸಂಭಾಳಿಸಿಕೊಂಡು ಹೋದ ಹೆಣ್ಣುಮಗಳಿಗೆ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲದಿರುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆದರೂ ವಯಸ್ಸಿನ ಕಾಲಂ ತುಂಬಿದ್ದರೆ ಬರೆದುಕೊಳ್ಳಿ. ಮುಂದೆ ತಾಳೆ ನೋಡಲು ಬೇಕಾಗುತ್ತದೆ.

ವಾಪಸ್ ಪ್ರಯಾಣವನ್ನು ಬೇರೆ ಹೆಸರಿನಲ್ಲಿ ಹುಡುಕಬೇಕು. ಕರೆದುಕೊಂಡು ಹೋದವರ ಜೊತೆಯಲ್ಲೇ ಆಯಾ ವಾಪಸ್ ಬರುತ್ತಿದ್ದದ್ದು ಕಡಿಮೆ. ಲಂಡನ್ನಿನಲ್ಲಿ ಆಯಾಗಳಿಗಾಗಿಯೇ ಒಂದು ವಸತಿಗೃಹ ಇತ್ತು. ಮೊದಲು ಆಲ್ಡ್‌ಗೇಟ್‌ನಲ್ಲಿ, 1900ರಿಂದ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ನಂಬರಿನಲ್ಲಿ, 1921ರಲ್ಲಿ ಅದೇ ರಸ್ತೆಯ 4ನೇ ನಂಬರಿನಲ್ಲಿ. ಲಂಡನ್ ಸಿಟಿ ಮಿಷನ್‌ನವರು ನಡೆಸುತ್ತಿದ್ದರು. ಕರೆತಂದವರು ಆಯಾಳ ವಾಪಸ್ ಟಿಕೆಟ್ಟನ್ನು ಅಲ್ಲಿ ಕೊಟ್ಟು ಹೋಗುತ್ತಿದ್ದರು. ಇಂಡಿಯಾಕ್ಕೆ ಹೊರಟ ಬೇರೆ ಕುಟುಂಬಕ್ಕೆ ಆಯಾ ಬೇಕಾದಾಗ ಅಲ್ಲಿನ ಮೇಟ್ರನ್ (ಮೇಲ್ವಿಚಾರಕಿ) ಅವಳನ್ನು ಆ ಕುಟುಂಬದ ಜೊತೆ ಕಳಿಸುತ್ತಿದ್ದರು. ಹಾಗಾಗಿ ಹೋಗುವಾಗ ಒಬ್ಬ ದೊರೆಸಾನಿ, ಬರುವಾಗ ಇನ್ನೊಬ್ಬ ದೊರೆಸಾನಿ. ಆ 26ನೇ ನಂಬರಿನ ಮನೆಗೆ 2022ರಲ್ಲಿ ಅದರ ಇತಿಹಾಸ ನೆನಪಿಸುವ ನೀಲಿ ಫಲಕ ಹಾಕಿದ್ದಾರೆ. ಟಿಕೆಟ್ ಕೊಡದೆ ನಡುನೀರಿನಲ್ಲಿ ಕೈಬಿಟ್ಟವರೂ ಇದ್ದರು. ಹಾಗೆ ಸಿಕ್ಕಿಬಿದ್ದ ಆಯಾಗಳ ಅರ್ಜಿಗಳು ಇಂಡಿಯಾ ಆಫೀಸಿನ ಪಬ್ಲಿಕ್ ಅಂಡ್ ಜುಡಿಷಿಯಲ್ ಇಲಾಖೆಯ ಕಡತಗಳಲ್ಲಿ ಇವೆ. ಆಯಾ ಹೇಳಿದ ಮಾತು ಕಾಗದಕ್ಕೆ ಇಳಿದಿರುವ ಅಪರೂಪದ ಜಾಗ ಇದು.

ಹೆಸರಿನ ಕಾಟ

ದೊರೆಗಳು ಕಿವಿಗೆ ಬಿದ್ದಂತೆ ಬರೆದರು. "ಉ" ಬಂದಲ್ಲಿ ಎರಡು ಓ ಹಾಕುವುದು, "ಸ್ವಾಮಿ" ಬಂದಲ್ಲಿ ಎಸ್-ಎ-ಡಬ್ಲ್ಯೂ-ಎಂ-ವೈ ಬರೆಯುವುದು ಅವರ ರೂಢಿ. ಮುತ್ತುಸ್ವಾಮಿಯನ್ನು ಹುಡುಕುವವರು ಎಂ-ಓ-ಓ-ಟಿ ಎಂದು ಶುರುಮಾಡಿ ನೋಡಬೇಕು. ಹೆಸರಿನ ಮಧ್ಯೆ ನಕ್ಷತ್ರ ಚಿಹ್ನೆ ಹಾಕಿದರೆ ಹೆಚ್ಚಿನ ವೆಬ್‌ಸೈಟ್‌ಗಳು ಎಲ್ಲ ರೂಪಗಳನ್ನೂ ತೋರಿಸುತ್ತವೆ. ಕ್ರೈಸ್ತ ಆಯಾಗಳಲ್ಲಿ ಮೇರಿ ಎಂಬ ಹೆಸರು ಲೆಕ್ಕವಿಲ್ಲದಷ್ಟು. ಹೆಸರೊಂದು ಹೊಂದಿತು ಎಂದು "ಇವರೇ ನಮ್ಮ ಅಜ್ಜಿ" ಎಂದುಕೊಳ್ಳಬೇಡಿ. ಹೆಸರಿನ ಜೊತೆ ಕನಿಷ್ಠ ದೊರೆಯ ಮನೆ, ವಯಸ್ಸು ಎರಡೂ ಕೂಡಿಬರಬೇಕು.

ಮತ್ತೆ ನಮ್ಮೂರಿಗೆ

ದೊರೆ ಇಲ್ಲೇ ತೀರಿಕೊಂಡಿದ್ದರೆ ಅವರ ಉಯಿಲು, ಆಸ್ತಿಪಟ್ಟಿ ತಪ್ಪದೆ ನೋಡಿ. ಇವೂ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ನಂಬಿಗಸ್ತ ಬಟ್ಲರ್‌ಗೆ ಇಷ್ಟು ರೂಪಾಯಿ ಎಂದು ಹೆಸರು ಸಮೇತ ಬರೆದಿರುವುದುಂಟು. ಸತ್ತವರ ಸಾಲದ ಲೆಕ್ಕದಲ್ಲಿ ಆಳುಗಳ ಬಾಕಿ ಸಂಬಳವೂ ಸೇರಿರುತ್ತದೆ.

ಕುಟುಂಬ ಕ್ರೈಸ್ತರದಾದರೆ ಅಜ್ಜಿ ಹೋಗುತ್ತಿದ್ದ ಚರ್ಚಿನ ಕಚೇರಿಯಲ್ಲಿ ಕೇಳಿ. ದೊರೆಗಳ ಚರ್ಚು ಒಂದು, ಆಳುಗಳ ಚರ್ಚು ಇನ್ನೊಂದು ಆಗಿರುವುದು ಜಾಸ್ತಿ. ದಂಡಿನ ಕೆಲಸಗಾರರಲ್ಲಿ ತಮಿಳು ಮಾತಾಡುವವರು ತುಂಬಾ ಇದ್ದರು, ಹಾಗಾಗಿ ತಮಿಳು ಸಭೆಗಳ ಪುಸ್ತಕಗಳನ್ನು ಮರೆಯಬೇಡಿ. ಫೋನ್ ಮಾಡಿ, ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ವರ್ಷದ ಅಂದಾಜು ಹೇಳಿ. ಹೊಸೂರು ರಸ್ತೆ, ಕಲ್ಪಳ್ಳಿಯ ಸ್ಮಶಾನಗಳಲ್ಲೂ ವಿಚಾರಿಸಬಹುದು. 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾ ಸಮಯದ ಸಾವುಗಳಾದರೆ ದಾಖಲೆ ಸಿಗದೇ ಇರಬಹುದು. ಪ್ಲೇಗಿನ ಸಮಯದಲ್ಲಂತೂ ಜನ ಊರನ್ನೇ ಬಿಟ್ಟು ಓಡಿದ್ದರು.

ಅಜ್ಜಿ ದಂಡಿನಲ್ಲಿ ಅಲ್ಲ, ಮೈಸೂರು ಅರಮನೆಯಲ್ಲಿ ಊಳಿಗಕ್ಕಿದ್ದರೆ ದಾರಿ ಬೇರೆ. ಅರಮನೆ ಕಡತಗಳು ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿವೆ. ಉತ್ತರ ಕರ್ನಾಟಕದಿಂದ ಬಂದ ಮನೆತನವಾದರೆ ಮೂಲ ಊರಿಗೆ ಬರುವ ಹೆಳವರನ್ನು ಕೇಳಿ. ತಲೆಮಾರುಗಳಿಂದ ಮನೆಮನೆಯ ವಂಶಾವಳಿ ಬರೆದು ಓದಿ ಹೇಳುವವರು ಅವರು.

ಕೊನೆಗೆ ಆ ದೊರೆಯ ಮೊಮ್ಮಕ್ಕಳು

ಇದನ್ನು ಜನ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಬಿಡಬೇಡಿ. ದೊರೆಯ ಹೆಸರು ಖಚಿತವಾದ ಮೇಲೆ ಫಿಬಿಸ್‌ನಲ್ಲೋ ವಂಶವೃಕ್ಷದ ವೆಬ್‌ಸೈಟ್‌ಗಳಲ್ಲೋ ಅದೇ ಕುಟುಂಬವನ್ನು ಹುಡುಕುತ್ತಿರುವವರು ಸಿಗುತ್ತಾರೆ. ಅಜ್ಜಿಯ ಫೋಟೊ ನಿಮ್ಮಲ್ಲಿ ಇಲ್ಲದಿರಬಹುದು, ಅವರ ಆಲ್ಬಂನಲ್ಲಿ ಮಗು ಎತ್ತಿಕೊಂಡು ನಿಂತಿರಬಹುದು. ಇಂಥ ಕುಟುಂಬಗಳ ಪತ್ರ, ಫಿಲ್ಮುಗಳು ಕೇಂಬ್ರಿಜ್‌ನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲೂ ಇವೆ. ಚಿಕ್ಕದಾಗಿ, ಗೌರವದಿಂದ ಬರೆಯಿರಿ: ನಮ್ಮ ಅಜ್ಜಿ ನಿಮ್ಮ ಮನೆಯಲ್ಲಿ ಇದ್ದರು, ವರ್ಷ ಸುಮಾರು ಇಷ್ಟು, ಇದೋ ಚೀಟಿಯ ಪ್ರತಿ. ಫೋಟೊ ಇದ್ದರೆ ಹಿಂಭಾಗದ್ದೂ ಸ್ಕ್ಯಾನ್ ಮಾಡಿ ಕಳಿಸಲು ಕೇಳಿ. ಸ್ಟುಡಿಯೊದ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ಹೆಸರು ಇರುವುದು ಆ ಕಡೆಯೇ.